ತಪ್ಪೊಪ್ಪಿಕೊಂಡೂ ತಪ್ಪಿಸಿಕೊಳ್ಳುವವನು

ಟ್ರಿಯೆಸ್ಟ್ ಪಟ್ಟಣದ ಬೀದಿಯಲ್ಲಿ ಶವಯಾತ್ರೆಯೊಂದು ಸಾಗುತ್ತಿದೆ. ಅದರ ಹಿಂದೆ ಒಂದು ಗಾಡಿ, ಒಳಗೆ ಇಬ್ಬರು. ಒಬ್ಬ ಜೀನೊ ಕೊಸಿನಿ. ತೀರಿಕೊಂಡವನು ಗ್ವೀದೊ ಸ್ಪೈಯರ್. ಜೀನೊನ ಷಡ್ಡಕ, ವ್ಯಾಪಾರದಲ್ಲಿ ಜೊತೆಗಾರ, ನೋಡುವವರ ಕಣ್ಣಿಗೆ ಜೀವದ ಗೆಳೆಯ. ಗಾಡಿಯಲ್ಲಿರುವ ಇನ್ನೊಬ್ಬ ಷೇರುಪೇಟೆಯವನು. ಮೆರವಣಿಗೆ ಗ್ರೀಕರ ಸ್ಮಶಾನ ತಲುಪಿದಾಗ ವಿಷಯ ಹೊರಬೀಳುತ್ತದೆ: ಇಷ್ಟು ಹೊತ್ತು ಅವರು ಹಿಂಬಾಲಿಸಿದ್ದು ಯಾರೋ ಅಪರಿಚಿತನ ಹೆಣವನ್ನು. ಗ್ವೀದೊನ ಮಣ್ಣು ಬೇರೆಲ್ಲೋ ನಡೆದುಹೋಗುತ್ತದೆ.

ಯಾರಿಗಾದರೂ ಆಗಬಹುದಾದ ಎಡವಟ್ಟು ಎಂದು ಬಿಟ್ಟುಬಿಡಬಹುದಿತ್ತು. ಗ್ವೀದೊನ ಹೆಂಡತಿ ಆದಾ ಬಿಡುವುದಿಲ್ಲ. ಗಂಡನನ್ನು ಜೀನೊ ಎಂದೂ ಪ್ರೀತಿಸಿರಲಿಲ್ಲ, ಮಣ್ಣಿಗೆ ಬಾರದೆ ಅದನ್ನೇ ತೋರಿಸಿಕೊಟ್ಟ ಎಂಬುದು ಅವಳ ಆರೋಪ. ಜೀನೊ ಉತ್ತರವಿಲ್ಲದೆ ನಿಲ್ಲುವವನಲ್ಲ. ಗ್ವೀದೊ ಷೇರುಪೇಟೆಯಲ್ಲಿ ಕಳೆದಿದ್ದ ಹಣದ ಬಹುಪಾಲನ್ನು ಆ ದಿನಗಳಲ್ಲೇ ತಾನು ಪೇಟೆಯಲ್ಲಿ ದುಡಿದು ವಾಪಸು ತಂದಿದ್ದೇನೆ, ವಿಧವೆಗೂ ಮಕ್ಕಳಿಗೂ ಉಳಿಸಿಕೊಟ್ಟಿದ್ದೇನೆ ಎನ್ನುತ್ತಾನೆ. ಆ ಮಾತು ನಿಜ. ಆದಾಳ ಮಾತೂ ನಿಜ. ಈ ಎರಡು ನಿಜಗಳ ನಡುವೆ ಒಬ್ಬ ಮನುಷ್ಯ ಹೇಗೆ ಹೊಣೆಯಿಂದ ಜಾರಿಕೊಳ್ಳುತ್ತಾನೆ ಎಂಬುದನ್ನು ಇಷ್ಟು ಹತ್ತಿರದಿಂದ ತೋರಿಸಿದ ಕಾದಂಬರಿಗಳು ಕಡಿಮೆ.

ಇಟಾಲೊ ಸ್ವೇವೊ ಬರೆದ ಈ ಇಟಾಲಿಯನ್ ಕಾದಂಬರಿ ಪ್ರಕಟವಾದದ್ದು 1923ರಲ್ಲಿ. ಇಂಗ್ಲಿಷಿಗೆ 1930ರಲ್ಲಿ ‘ಕನ್ಫೆಷನ್ಸ್ ಆಫ್ ಜೀನೊ’ ಎಂದು ಬಂತು, ಮುಂದೆ ಹೊಸ ಅನುವಾದದಲ್ಲಿ ‘ಜೀನೋಸ್ ಕಾನ್ಷನ್ಸ್’ ಆಯಿತು. ಕಥೆಯ ಚೌಕಟ್ಟೇ ಮನೋವಿಶ್ಲೇಷಣೆಯದು. ಸಿಗರೇಟು ಬಿಡಲಾಗದೆ, ಮೈಯಲ್ಲಿ ಏನೇನೋ ಕಾಯಿಲೆಗಳಿವೆ ಎಂದು ನಂಬಿಕೊಂಡ ಒಬ್ಬ ಸಿರಿವಂತ ವ್ಯಾಪಾರಿಗೆ ಅವನ ವೈದ್ಯ ‘ಡಾಕ್ಟರ್ ಎಸ್.’ ತನ್ನ ಬದುಕನ್ನು ಬರೆಯಲು ಹೇಳುತ್ತಾನೆ. ರೋಗಿ ಬರೆಯುತ್ತಾನೆ, ಆಮೇಲೆ ಅರ್ಧದಲ್ಲೇ ಚಿಕಿತ್ಸೆ ಬಿಡುತ್ತಾನೆ. ಸಿಟ್ಟಾದ ವೈದ್ಯ ಸೇಡಿಗಾಗಿ ಆ ಬರಹವನ್ನು ಅಚ್ಚು ಹಾಕಿಸುತ್ತಾನೆ. ರೋಗಿ ಮರಳಿ ಬಂದರೆ ಪುಸ್ತಕದ ಲಾಭದಲ್ಲಿ ಪಾಲು ಕೊಡಲೂ ಸಿದ್ಧ ಎಂದು ಮುನ್ನುಡಿಯಲ್ಲಿ ಬರೆಯುತ್ತಾನೆ. ರೋಗಿಯ ಗುಟ್ಟು ಕಾಯಬೇಕಾದವನೇ ಅದನ್ನು ಬೀದಿಗಿಡುವ ಈ ಮೊದಲ ಪುಟದಿಂದಲೇ ಹೊಣೆಗೇಡಿತನ ಬರೀ ಜೀನೊ ಒಬ್ಬನ ಸೊತ್ತಾಗಿ ಉಳಿಯುವುದಿಲ್ಲ.

ಸ್ವೇವೊ ಎಂಬುದು ಕಾವ್ಯನಾಮ. ನಿಜದ ಹೆಸರು ಎತ್ತೊರೆ ಶ್ಮಿಟ್ಸ್. 1861ರಲ್ಲಿ, ಆಗ ಆಸ್ಟ್ರಿಯಾ ಸಾಮ್ರಾಜ್ಯಕ್ಕೆ ಸೇರಿದ್ದ ಟ್ರಿಯೆಸ್ಟ್ ಬಂದರಿನ ಯಹೂದಿ ವ್ಯಾಪಾರಿಯ ಮನೆಯಲ್ಲಿ ಹುಟ್ಟಿದವನು. ಬ್ಯಾಂಕಿನಲ್ಲಿ ವರ್ಷಗಟ್ಟಲೆ ಗುಮಾಸ್ತಗಿರಿ ಮಾಡಿದ. ಮದುವೆಯ ನಂತರ ಹೆಂಡತಿಯ ಮನೆಯವರ ಕಾರ್ಖಾನೆ ಸೇರಿದ. ಹಡಗಿನ ತಳಕ್ಕೆ ಪಾಚಿ, ಚಿಪ್ಪು ಅಂಟದಂತೆ ಬಳಿಯುವ ಬಣ್ಣ ಅಲ್ಲಿ ತಯಾರಾಗುತ್ತಿತ್ತು. 1892 ಮತ್ತು 1898ರಲ್ಲಿ ಬಂದ ಎರಡು ಕಾದಂಬರಿಗಳನ್ನು ಯಾರೂ ಕಣ್ಣೆತ್ತಿ ನೋಡಲಿಲ್ಲ. ವ್ಯಾಪಾರಕ್ಕೆ ಇಂಗ್ಲಿಷ್ ಬೇಕಾಗಿ 1907ರ ಸುಮಾರಿಗೆ ಪಾಠಕ್ಕೆ ಹಚ್ಚಿಕೊಂಡ ಮೇಷ್ಟ್ರು ಜೇಮ್ಸ್ ಜಾಯ್ಸ್. ಹಳೆಯ ಕಾದಂಬರಿಗಳನ್ನು ಓದಿ ಬೆನ್ನು ತಟ್ಟಿದವನು ಅವನೇ. ಜೀನೊನ ಕಥೆ ಬಂದಾಗ ಪ್ಯಾರಿಸ್ಸಿನ ವಿಮರ್ಶಕರ ಕೈಗೆ ದಾಟಿಸಿದವನೂ ಅವನೇ.

ಫ್ರಾಯ್ಡ್‌ನ ವಿಚಾರಗಳು ಇಟಲಿಗೆ ಕಾಲಿಟ್ಟ ಬಾಗಿಲು ಕೂಡ ಇದೇ ಟ್ರಿಯೆಸ್ಟ್. ಫ್ರಾಯ್ಡ್ ತಾನೇ 1876ರಲ್ಲಿ ವಿದ್ಯಾರ್ಥಿಯಾಗಿ ಇಲ್ಲಿನ ಪ್ರಾಣಿಶಾಸ್ತ್ರ ಕೇಂದ್ರಕ್ಕೆ ಬಂದು, ಗಂಡು ಹಾವುಮೀನಿನ ವೃಷಣ ಹುಡುಕುತ್ತಾ ಸುಮಾರು 400 ಮೀನುಗಳನ್ನು ಕೊಯ್ದಿದ್ದ. ಇಟಲಿಯ ಮೊದಲ ಮನೋವಿಶ್ಲೇಷಕ ಎನಿಸಿದ ಎದುವಾರ್ದೊ ವೈಸ್ ಈ ಊರಿನವನೇ. ಸ್ವೇವೊನ ಹೆಂಡತಿಯ ತಮ್ಮ ವಿಯೆನ್ನಾಗೆ ಹೋಗಿ ಫ್ರಾಯ್ಡ್‌ನ ಬಳಿಯೇ ಚಿಕಿತ್ಸೆ ಪಡೆದ, ಗುಣ ಕಾಣಲಿಲ್ಲ. ಹತ್ತಿರದಿಂದ ಇದನ್ನು ನೋಡಿದ ಸ್ವೇವೊಗೆ ಚಿಕಿತ್ಸೆಯ ಮೇಲೆ ನಂಬಿಕೆ ಹೋಯಿತು, ವಿಚಾರದ ಮೇಲಿನ ಆಸಕ್ತಿ ಹೋಗಲಿಲ್ಲ. ಮೊದಲ ಮಹಾಯುದ್ಧದ ಕೊನೆಯ ಹೊತ್ತಿಗೆ ಫ್ರಾಯ್ಡ್‌ನ ಕನಸಿನ ಪುಸ್ತಕವೊಂದನ್ನು ಅನುವಾದಿಸಲು ಕುಳಿತಿದ್ದ. ಫ್ರಾಯ್ಡ್ ದೊಡ್ಡ ಮನುಷ್ಯ, ಆದರೆ ರೋಗಿಗಳಿಗಿಂತ ಕಾದಂಬರಿಕಾರರಿಗೆ ಹೆಚ್ಚು ಉಪಯೋಗಕ್ಕೆ ಬರುವವನು ಎಂಬ ಅರ್ಥದಲ್ಲಿ ಮುಂದೆ ಒಂದು ಪತ್ರದಲ್ಲಿ ಬರೆದ.

ಜೀನೊನ ಬರಹ ಶುರುವಾಗುವುದು ಸಿಗರೇಟಿನಿಂದ. ಹುಡುಗನಾಗಿದ್ದಾಗ ಸಿಗರೇಟಿಗೆಂದು ಅಪ್ಪನ ವೇಸ್ಟ್‌ಕೋಟಿನ ಜೇಬಿನಿಂದ ಚಿಲ್ಲರೆ ಕದಿಯುತ್ತಿದ್ದ. ಒಂದು ದಿನ ಕೈ ಜೇಬಿನಲ್ಲಿರುವಾಗಲೇ ಅಪ್ಪ ಬಂದ. ಗುಂಡಿ ಎಷ್ಟಿವೆ ಎಂದು ಎಣಿಸುವ ಆಸೆಯಾಯಿತು ಎಂದು ಹುಡುಗ ಬಾಯಿಗೆ ಬಂದದ್ದು ಹೇಳಿದ. ಅಪ್ಪ ನಕ್ಕುಬಿಟ್ಟ. ಆ ನಗುವಿಗೆ ನಾಚಿ ಹುಡುಗ ದುಡ್ಡು ಕದಿಯುವುದನ್ನು ಬಿಟ್ಟ. ಬದಲಿಗೆ ಅಪ್ಪ ಅರ್ಧ ಸೇದಿ ಬಿಟ್ಟ ಚುಟ್ಟಾಗಳಿಗೆ ಕೈಹಾಕಿದ.

ಈ ಪುಟ್ಟ ಘಟನೆಯಲ್ಲಿ ಇಡೀ ಮನುಷ್ಯನ ಬೀಜವಿದೆ. ತಪ್ಪು ಸಿಕ್ಕಿಬಿತ್ತು, ಶಿಕ್ಷೆ ಬರಲಿಲ್ಲ. ಚಂದದ ಮಾತೊಂದು ಕಾಪಾಡಿತು. ಶಿಕ್ಷೆ ಕೊಡದ ಅಪ್ಪನನ್ನು ಮಗ ಗೌರವಿಸಲೂ ಆರ, ಅವನಿಂದ ಬಿಡಿಸಿಕೊಳ್ಳಲೂ ಆರ. ಮುಂದೆ ಜೀನೊ ನೂರಾರು ಬಾರಿ ‘ಕೊನೆಯ ಸಿಗರೇಟು’ ಸೇದುತ್ತಾನೆ. ಶಬ್ದಕೋಶದ ಪುಟದಲ್ಲಿ, ಕೋಣೆಯ ಗೋಡೆಯ ಮೇಲೆ, ತಾರೀಖು ಹಾಕಿ ಆ ಪ್ರತಿಜ್ಞೆಯನ್ನು ಗುರುತು ಮಾಡುತ್ತಾನೆ. ಕೊನೆಯದೆಂದು ಸೇದುವ ಸಿಗರೇಟಿಗಿರುವ ರುಚಿ ಬೇರೆ ಯಾವುದಕ್ಕೂ ಇಲ್ಲ ಎಂದು ಕಂಡುಕೊಳ್ಳುತ್ತಾನೆ. ಒಂದು ಕ್ಷಣ ಅವನಿಗೇ ಹೊಳೆಯುತ್ತದೆ: ಸಿಗರೇಟು ಬಿಟ್ಟಿದ್ದರೆ ತಾನು ನಿಜವಾಗಿಯೂ ದೊಡ್ಡ ಮನುಷ್ಯನಾಗುತ್ತಿದ್ದನೇ, ಅಥವಾ ತನ್ನ ಅಶಕ್ತಿಯನ್ನೆಲ್ಲ ಹೊರಿಸಲು ಒಂದು ನೆಪ ಬೇಕೆಂದೇ ಸಿಗರೇಟನ್ನು ಹಿಡಿದುಕೊಂಡಿದ್ದಾನೆಯೇ?

ವೈದ್ಯನಿಗೂ ಕಾಣದಷ್ಟು ಆಳದ ಮಾತಿದು. ಆದರೆ ಹೊಳೆದದ್ದನ್ನು ಜೀನೊ ಅಲ್ಲೇ ಬಿಟ್ಟು ಮುಂದಕ್ಕೆ ಹೋಗುತ್ತಾನೆ. ಅವನ ಸ್ವಭಾವದ ಗುಟ್ಟು ಇಲ್ಲಿದೆ. ಅವನು ತಪ್ಪನ್ನು ಮುಚ್ಚಿಡುವ ಕಪಟಿಯಲ್ಲ. ತನ್ನ ಬಗ್ಗೆ ತಾನೇ ಎಲ್ಲವನ್ನೂ ಹೇಳಿಬಿಡುತ್ತಾನೆ. ಹೇಳಿದೊಡನೆ ಲೆಕ್ಕ ಚುಕ್ತಾ ಆಯಿತೆಂದು ಅವನ ಎಣಿಕೆ. ಅರಿವೇ ಪ್ರಾಯಶ್ಚಿತ್ತದ ಜಾಗದಲ್ಲಿ ಕುಳಿತುಬಿಡುತ್ತದೆ.

ಅಪ್ಪನ ಸಾವಿನ ಅಧ್ಯಾಯ ಈ ಕಾದಂಬರಿಯ ಎದೆಬಡಿತ. ಅಪ್ಪ ಎಚ್ಚರ ತಪ್ಪಿ ಮಲಗಿದ್ದಾನೆ. ಎಚ್ಚರಿಸಿ ಸಾವಿನ ಅರಿವು ಮೂಡಿಸುವುದೇಕೆ ಎಂದು ಮಗ ವೈದ್ಯನನ್ನು ಕೇಳಿ ಬೈಸಿಕೊಳ್ಳುತ್ತಾನೆ. ಅದು ಕನಿಕರವೋ, ಬೇಗ ಮುಗಿಯಲಿ ಎಂಬ ಆಸೆಯೋ? ಕೊನೆಗೆ, ರೋಗಿ ಏಳದಂತೆ ನೋಡಿಕೊಳ್ಳಬೇಕೆಂಬ ವೈದ್ಯನ ಆಜ್ಞೆಯಂತೆ ಮಗ ಅಪ್ಪನನ್ನು ಹಾಸಿಗೆಗೆ ಒತ್ತಿ ಹಿಡಿಯುತ್ತಾನೆ. ಅಪ್ಪ ಬಿಡಿಸಿಕೊಂಡು ಎದ್ದು, ಕೈಯನ್ನು ಮೇಲಕ್ಕೆತ್ತಿ ಮಗನ ಕೆನ್ನೆಗೆ ಬಾರಿಸಿ, ನೆಲಕ್ಕೆ ಕುಸಿದು ಸಾಯುತ್ತಾನೆ. ಬಾಲ್ಯದಲ್ಲಿ ಬೀಳದ ಏಟು, ಕೇಳಿ ಅರ್ಥ ತಿಳಿದುಕೊಳ್ಳಲಾಗದ ಗಳಿಗೆಯಲ್ಲಿ ಬಿತ್ತು. ಜೀನೊ ಮೊದಲು ಶಿಕ್ಷೆಗೊಳಗಾದ ಮಗುವಿನಂತೆ ಅಳುತ್ತಾನೆ. ಆಮೇಲೆ ವಾದ ಹೂಡುತ್ತಾನೆ: ವೈದ್ಯ ಹೇಳಿದ್ದಕ್ಕೆ ಹಿಡಿದೆ, ಅಪ್ಪನಿಗೆ ಎಚ್ಚರವೇ ಇರಲಿಲ್ಲ, ಕೈ ತಾನಾಗಿ ಬಿತ್ತು. ಮಣ್ಣು ಮುಗಿಯುವ ಹೊತ್ತಿಗೆ, ಅಪ್ಪ ಬಡಪಾಯಿ, ಮಗ ಒಳ್ಳೆಯವನು ಎಂಬಲ್ಲಿಗೆ ಬಂದು ನೆಮ್ಮದಿಯಾಗುತ್ತಾನೆ. ಅಪ್ಪ ಮಾತ್ರ ಮಗನ ಅಳತೆ ತಿಳಿದಿದ್ದ. ವ್ಯಾಪಾರ ನಡೆಸುವ ಅಧಿಕಾರವನ್ನು ಉಯಿಲಿನಲ್ಲಿ ಒಲೀವಿ ಎಂಬ ನಂಬಿಕೆಯ ಕಾರಭಾರಿಗೆ ಬರೆದಿಟ್ಟಿದ್ದ. ಬೆಳೆದ ಮಗ ಕಾಗದದ ಮೇಲೂ ಅಪ್ರಾಪ್ತನಾಗಿ ಉಳಿದ.

ಈ ಕಾದಂಬರಿ ಬಂದ 1923ರಲ್ಲೇ ಫ್ರಾಯ್ಡ್ ‘ಅಹಂ ಮತ್ತು ಇದ್’ ಎಂಬ ಪುಸ್ತಕ ಹೊರತಂದ. ಮನಸ್ಸಿನೊಳಗೆ ಅಪ್ಪನ ದನಿಯಾಗಿ ಕೂತು ತೀರ್ಪು ಕೊಡುವ ‘ಪರಾಹಂ’ ಎಂಬ ಕಲ್ಪನೆಯನ್ನು ವಿವರವಾಗಿ ಮಂಡಿಸಿದ್ದು ಅದರಲ್ಲಿ. ಗುಣವಾಗುತ್ತಿದೆ ಎಂದೊಡನೆ ಕೆಲವು ರೋಗಿಗಳ ಸ್ಥಿತಿ ಕೆಡುವುದನ್ನು ಅವನು ಗಮನಿಸಿದ್ದ. ಒಳಗೆಲ್ಲೋ ಪಾಪಪ್ರಜ್ಞೆ ಇದೆ, ಕಾಯಿಲೆಯ ನೋವೇ ಅದಕ್ಕೆ ಸಲ್ಲುವ ಶಿಕ್ಷೆ, ಆದ್ದರಿಂದ ಕಾಯಿಲೆಯನ್ನು ಬಿಟ್ಟುಕೊಡಲು ಮನಸ್ಸಿಗೆ ಇಷ್ಟವಿಲ್ಲ ಎಂದು ವಿವರಿಸಿದ. ಅಂಥ ರೋಗಿಗೆ ತಾನು ತಪ್ಪಿತಸ್ಥ ಎಂದು ಅನಿಸುವುದೇ ಇಲ್ಲ. ಅನಿಸುವುದು ತನಗೆ ಹುಷಾರಿಲ್ಲ ಎಂದು ಮಾತ್ರ.

ಜೀನೊನನ್ನು ಅರಿಯಲು ಇದಕ್ಕಿಂತ ಒಳ್ಳೆಯ ಕೀಲಿಕೈ ಸಿಗಲಾರದು. ಒಂದು ಹೆಜ್ಜೆ ಇಡಲು 54 ಸ್ನಾಯುಗಳು ಕೆಲಸ ಮಾಡುತ್ತವೆ ಎಂದು ಗೆಳೆಯನೊಬ್ಬ ಹೇಳಿದ್ದೇ ತಡ, ಅವನು ಕುಂಟತೊಡಗುತ್ತಾನೆ. ಗ್ವೀದೊನ ಎದುರು ಸೋತಾಗ ಮೈಯಲ್ಲಿ ನೋವು ಹುಟ್ಟಿಕೊಳ್ಳುತ್ತದೆ. ಮುಪ್ಪಿನಲ್ಲಿ ವೈದ್ಯನೊಬ್ಬ ಸಕ್ಕರೆ ಕಾಯಿಲೆ ಇರಬಹುದೆಂದಾಗ ಹೆಸರುಳ್ಳ ಕಾಯಿಲೆಯೊಂದು ದಕ್ಕಿತೆಂದು ಹಿಗ್ಗುತ್ತಾನೆ. ಇಲ್ಲವೆಂದು ತಿಳಿದಾಗ ಒಂಟಿಯಾದಂತೆ ಸಪ್ಪಗಾಗುತ್ತಾನೆ. ಮೈ ನೋಯುತ್ತಿರುವವರೆಗೆ ಮನಸ್ಸು ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿಲ್ಲ.

ಕಾಯಿಲೆ ಅವನಿಗೆ ಇನ್ನೊಂದು ಸೌಲಭ್ಯವನ್ನೂ ಕೊಡುತ್ತದೆ. 1916ರ ಪ್ರಬಂಧವೊಂದರಲ್ಲಿ ಫ್ರಾಯ್ಡ್ ತಮ್ಮನ್ನು ‘ವಿನಾಯಿತಿ ಉಳ್ಳವರು’ ಎಂದು ಭಾವಿಸುವವರ ಬಗ್ಗೆ ಬರೆದ. ನನಗೆ ಮೊದಲೇ ಅನ್ಯಾಯವಾಗಿದೆ, ಸಾಕಷ್ಟು ಅನುಭವಿಸಿದ್ದೇನೆ, ಎಲ್ಲರಿಗೂ ಇರುವ ಕಟ್ಟುಪಾಡು ನನಗೇಕೆ ಎನ್ನುವ ಜನ ಇವರು. ಅವನು ಕೊಟ್ಟ ಉದಾಹರಣೆ ಷೇಕ್ಸ್‌ಪಿಯರನ ಮೂರನೇ ರಿಚರ್ಡ್. ಹುಟ್ಟಿನಿಂದ ಬಂದ ಅಂಗವಿಕಾರವನ್ನೇ ಎಲ್ಲ ಕ್ರೌರ್ಯಕ್ಕೂ ಪರವಾನಗಿ ಮಾಡಿಕೊಂಡ ದೊರೆ. ರಿಚರ್ಡನ ಕೈಗೆ ಅಂಟಿದ ರಕ್ತ ಜೀನೊನ ಕೈಗೆ ಅಂಟಿಲ್ಲ. ಆದರೆ ಅವನ ವಿನಾಯಿತಿಯೂ ಬೇರೆಯವರ ಬದುಕನ್ನೇ ತಿಂದು ಬೆಳೆಯುತ್ತದೆ.

ಮದುವೆಯ ಕಥೆ ನೋಡಿ. ಮಾಲ್ಫೆಂತಿ ಎಂಬ ಗಟ್ಟಿ ವ್ಯಾಪಾರಿಯನ್ನು ಮೆಚ್ಚಿ, ಅವನ ಮನೆಯ ಅಳಿಯನಾಗಲು ಜೀನೊ ಹೊರಟ. ಮನಸ್ಸು ಅವನ ಮಗಳು ಆದಾಳ ಮೇಲೆ. ಒಂದೇ ಸಂಜೆ ಆದಾಳನ್ನು ಕೇಳಿ ಇಲ್ಲವೆನಿಸಿಕೊಂಡು, ಅವಳ ತಂಗಿ ಆಲ್ಬೆರ್ತಾಳನ್ನು ಕೇಳಿ ಇಲ್ಲವೆನಿಸಿಕೊಂಡು, ಅವರ ಸೋದರಿ, ಮೆಳ್ಳಗಣ್ಣಿನ ಔಗುಸ್ತಾಳ ಮುಂದೆ ನಿಂತ. ತನ್ನ ಮೇಲೆ ಪ್ರೀತಿಯಿಲ್ಲವೆಂಬುದು ಅವಳಿಗೆ ಗೊತ್ತು. ಆದರೂ ಅವನಿಗಾಗಿ ಬದುಕುವ ಹೆಣ್ಣೊಬ್ಬಳು ಅವನಿಗೆ ಬೇಕು, ಅದು ನಾನಾಗುತ್ತೇನೆ ಎಂದು ಒಪ್ಪಿಕೊಂಡಳು. ಸಂಸಾರ ಚೆನ್ನಾಗಿಯೇ ನಡೆಯಿತು, ಸಂತೋಷವಾಗಿಯೂ. ಆಮೇಲೆ ಕಾರ್ಲಾ ಬಂದಳು. ಹಾಡು ಕಲಿಯುವ ಬಡ ಹುಡುಗಿ. ನೆರವು ಕೊಡೆಂದು ಗೆಳೆಯ ತೋರಿಸಿದವಳು. ದಾನದ ನೆರಳಿನಲ್ಲಿ ಪ್ರಣಯ ಬೆಳೆಯಿತು. ಕೊನೆಯ ಸಿಗರೇಟಿನ ಹಾಗೆಯೇ ಪ್ರತಿ ಭೇಟಿಯೂ ‘ಕೊನೆಯ ಭೇಟಿ’. ಮನೆಗೆ ಮರಳಿದ ರಾತ್ರಿ ಪಶ್ಚಾತ್ತಾಪ ಉಕ್ಕಿ, ಹೆಂಡತಿಯ ಮೇಲೆ ಇಲ್ಲದ ಅಕ್ಕರೆ. ಔಗುಸ್ತಾಗೆ ಗಂಡನ ಪ್ರೀತಿ ಹೆಚ್ಚಿದಂತೆ ಕಂಡರೆ, ಅದರ ಮೂಲ ಇನ್ನೊಬ್ಬಳ ಮನೆಯಲ್ಲಿತ್ತು. ಹೆಂಡತಿಯನ್ನು ತೋರಿಸೆಂದು ಕಾರ್ಲಾ ಹಟ ಹಿಡಿದಾಗ ಅವನು ತೋರಿಸಿದ್ದು ಆದಾಳನ್ನು. ಆ ದುಃಖದ ಮುಖ ಕಂಡು ಕರಗಿದ ಕಾರ್ಲಾ ಸಂಬಂಧವನ್ನೇ ಕಡಿದುಕೊಂಡಳು. ಆ ಸಂಬಂಧದಲ್ಲಿ ಹೊಣೆ ಅರಿತು ನಡೆದವಳು ಕಾರ್ಲಾ ಒಬ್ಬಳೇ, ಅದೂ ಒಂದು ಸುಳ್ಳನ್ನು ನಂಬಿ!

1928ರಲ್ಲಿ ದಾಸ್ತೊಯೆವ್‌ಸ್ಕಿಯ ಬಗ್ಗೆ ಬರೆದ ಪ್ರಬಂಧದಲ್ಲಿ ಫ್ರಾಯ್ಡ್ ಈ ಬಗೆಯ ಪಶ್ಚಾತ್ತಾಪವನ್ನು ಕಟುವಾಗಿ ಟೀಕಿಸಿದ. ಪಾಪ ಮಾಡುವುದು, ಮರುಗುವುದು, ಮರುಗಿದ ಬಲದಿಂದ ಎತ್ತರದ ನೀತಿ ನುಡಿಯುವುದು. ಇದು ನೀತಿಯ ಸುಲಭದ ದಾರಿ, ಇದರಲ್ಲಿ ಬಿಟ್ಟುಕೊಡುವ ಕಷ್ಟವೇ ಇಲ್ಲ ಎಂದು ಅವನ ವಾದ. ಕೊಂದು ಪ್ರಾಯಶ್ಚಿತ್ತ ಮಾಡಿಕೊಳ್ಳುವವರಿಗೆ ಕೊನೆಗೆ ಪ್ರಾಯಶ್ಚಿತ್ತವೇ ಮತ್ತೆ ಕೊಲ್ಲುವ ಉಪಾಯವಾಗುತ್ತದೆ ಎನ್ನುತ್ತಾ, ರಷ್ಯದ ಘೋರ ಇವಾನನನ್ನು ನೆನೆದ. ಜೀನೊನ ಪಶ್ಚಾತ್ತಾಪ ಸಾಲಗಾರ ತಿಂಗಳು ತಿಂಗಳು ಕಟ್ಟುವ ಬಡ್ಡಿ. ಅಸಲು ಹಾಗೆಯೇ ಇರುತ್ತದೆ, ಹೊಸ ಸಾಲವೂ ಹುಟ್ಟುತ್ತದೆ.

ಇನ್ನು ಗ್ವೀದೊ. ಪಿಟೀಲನ್ನು ಸೊಗಸಾಗಿ ನುಡಿಸುವ ಚೆಲುವ, ಆದಾಳನ್ನು ಗೆದ್ದವನು. ಒಂದು ಬೆಳದಿಂಗಳ ರಾತ್ರಿ ಎತ್ತರದ ಕಟ್ಟೆಗೋಡೆಯ ಮೇಲೆ ಅವನು ಮಲಗಿದ್ದಾಗ, ತಳ್ಳಿಬಿಟ್ಟರೆ ಮುಗಿಯಿತು ಎಂಬ ಆಸೆ ಜೀನೊನ ಮನಸ್ಸಿನಲ್ಲಿ ಹಾದುಹೋಯಿತು. ತಳ್ಳಲಿಲ್ಲ. ಅವನ ಆಪ್ತನಾದ, ಅವನ ಅಂಗಡಿಯಲ್ಲಿ ಸಂಬಳವಿಲ್ಲದೆ ದುಡಿದ, ಅವನು ಮುಳುಗುತ್ತಿರುವುದನ್ನು ಪಕ್ಕದಲ್ಲೇ ಕುಳಿತು ನೋಡಿದ. ಷೇರುಪೇಟೆಯಲ್ಲಿ ಸೋತ ಗ್ವೀದೊ ಹೆಂಡತಿಯಿಂದ ಹಣ ಕೀಳಲು ಆತ್ಮಹತ್ಯೆಯ ನಾಟಕ ಆಡಿದ. ಎರಡನೆಯ ಸಲ ನಾಟಕ ಕೈಮೀರಿ ನಿಜವಾಗಿಯೇ ಸತ್ತ. ಅದಕ್ಕೆ ಮೊದಲು ಅವನು ವೆರೋನಲ್ ಎಂಬ ನಿದ್ದೆಮದ್ದಿನ ಎರಡು ಬಗೆಗಳಲ್ಲಿ ವ್ಯತ್ಯಾಸವೇನೆಂದು ಕೇಳಿದ್ದ. ಒಂದಿಷ್ಟು ರಸಾಯನಶಾಸ್ತ್ರ ಓದಿದ್ದ ಜೀನೊ ಪಾಠ ಹೇಳುವವನಂತೆ ಉತ್ತರಿಸಿದ್ದ. ಕಾನೂನಿನ ಕಣ್ಣಿಗೆ ಇದರಲ್ಲಿ ಅಪರಾಧವಿಲ್ಲ. ಮನಸ್ಸಿನ ಕಣ್ಣಿಗೆ ಇದೆ. ಇಲ್ಲದಿದ್ದರೆ ಸತ್ತವನ ನಷ್ಟ ತುಂಬಿಕೊಡಲು ಅಷ್ಟೊಂದು ಆವೇಶ ಎಲ್ಲಿಂದ ಬರಬೇಕು? ಮಾಡಿದ್ದನ್ನು ಮಾಡಲೇ ಇಲ್ಲವೆನ್ನುವಂತೆ ಅಳಿಸಿಹಾಕಲು ಮನಸ್ಸು ನಡೆಸುವ ಇಂಥ ಯತ್ನವನ್ನು ಫ್ರಾಯ್ಡ್ ಗುರುತಿಸಿದ್ದ. ಬಾಯ್ತಪ್ಪು, ಕೈತಪ್ಪು, ಮರೆವುಗಳ ಹಿಂದೆ ಒಳಗಿನ ಇಚ್ಛೆ ಕೆಲಸ ಮಾಡುತ್ತದೆ ಎಂದು 1901ರಲ್ಲೇ ಬರೆದಿದ್ದ. ಮೈಯೆಲ್ಲ ಉಪಕಾರದಲ್ಲಿ ತೊಡಗಿದ್ದಾಗ ಕಾಲು ಬೇರೆಯವರ ಹೆಣದ ಹಿಂದೆ ಹೋಯಿತು.

ಚಿಕಿತ್ಸೆಯ ಕೊನೆಗೆ ಡಾಕ್ಟರ್ ಎಸ್. ತೀರ್ಪು ಕೊಡುತ್ತಾನೆ: ಈಡಿಪಸ್ ಗ್ರಂಥಿ. ಅಪ್ಪನನ್ನು, ಮಾವನನ್ನು, ಗ್ವೀದೊನನ್ನು ಜೀನೊ ಒಳಗೊಳಗೇ ದ್ವೇಷಿಸಿದ. ಸಿಗರೇಟು ಕೂಡ ಅಪ್ಪನೊಡನೆ ಪೈಪೋಟಿ. ಗ್ವೀದೊನಿಗೆ ಇದ್ದ ದೊಡ್ಡ ಮರದ ಗೋದಾಮಿನ ಮಾತನ್ನು ಅಷ್ಟುದ್ದದ ಬರಹದಲ್ಲಿ ಒಮ್ಮೆಯೂ ಎತ್ತಿಲ್ಲವೆಂಬುದನ್ನು ವೈದ್ಯ ಪತ್ತೆ ಹಚ್ಚುತ್ತಾನೆ. ಬಿಟ್ಟುಹೋದದ್ದೇ ಸಾಕ್ಷಿ ಎಂದು ಅವನ ನಿಲುವು. ಸೊಫೋಕ್ಲಿಸನ ನಾಯಕನಿಗೆ ಬಂದ ಕಾಯಿಲೆಯೇ ತನಗೂ ಬಂದಿದೆ ಎಂದು ಜೀನೊಗೆ ಹಿಗ್ಗೋ ಹಿಗ್ಗು. ನಂಬಿಕೆ ಮಾತ್ರ ಇಲ್ಲ. ಆದರೆ ಈಡಿಪಸನಿಗೂ ಇವನಿಗೂ ಇರುವ ಅಂತರ ದೊಡ್ಡದು. ತಿಳಿಯದೆ ಮಾಡಿದ್ದಕ್ಕೂ ತಾನೇ ಹೊಣೆ ಎಂದು ಈಡಿಪಸ್ ಕಣ್ಣು ಕಿತ್ತುಕೊಂಡ. ತಿಳಿದು ಮಾಡಿದ್ದಕ್ಕೂ ಜೀನೊ ಹೊಣೆಯಲ್ಲ.

ಮನೋವಿಶ್ಲೇಷಣೆಯ ಬಗ್ಗೆ ಒಂದು ದೂರು ಆಗಲೂ ಇತ್ತು, ಈಗಲೂ ಇದೆ. ಎಲ್ಲಕ್ಕೂ ಬಾಲ್ಯ ಕಾರಣ, ಸುಪ್ತ ಮನಸ್ಸು ಕಾರಣ ಎಂದರೆ ಯಾರನ್ನೂ ತಪ್ಪಿತಸ್ಥ ಎನ್ನುವಂತಿಲ್ಲವಲ್ಲ ಎಂಬ ದೂರು. ಫ್ರಾಯ್ಡ್ ಇದಕ್ಕೆ 1925ರ ಒಂದು ಕಿರುಟಿಪ್ಪಣಿಯಲ್ಲಿ ನೇರವಾಗಿ ಉತ್ತರಿಸಿದ. ಕನಸಿನಲ್ಲಿ ಬರುವ ಕೆಟ್ಟ ಆಸೆಗಳಿಗೆ ನಾವು ಹೊಣೆಯೇ ಎಂಬುದು ಪ್ರಶ್ನೆ. ಹೌದು ಎಂದ. ಆ ಆಸೆಯನ್ನು ಯಾವುದೋ ಭೂತ ಹೊರಗಿನಿಂದ ತಂದು ತುಂಬಿಲ್ಲ. ಅದು ನನ್ನ ಒಂದು ಭಾಗ. ನನ್ನೊಳಗಿನದು ನನಗೆ ತಿಳಿಯದಿದ್ದರೂ ಅದು ನನ್ನದೇ, ಅದರ ಫಲವೂ ನನ್ನದೇ ಎಂಬುದು ಅವನ ತರ್ಕದ ಸಾರ. ಇದು ವಿನಾಯಿತಿ ಕೊಡುವ ಮಾತಲ್ಲ. ಕೃತ್ಯಕ್ಕೆ ಮಾತ್ರ ಹೊಣೆಯಾಗಿದ್ದ ಮನುಷ್ಯನನ್ನು ಇಚ್ಛೆಗೂ ಹೊಣೆ ಮಾಡುವ ಮಾತು. ಬೆಳದಿಂಗಳ ಆ ರಾತ್ರಿ ಜೀನೊ ತಳ್ಳಲಿಲ್ಲ ಎಂಬುದು ಅವನ ಪುಣ್ಯ. ತಳ್ಳಬೇಕೆನಿಸಿದ್ದು ತನಗೇ ಎಂದು ಅವನು ಒಪ್ಪಿ, ಅದರೊಡನೆ ಬಾಳಿದ್ದರೆ, ಮುಂದೆ ಗೆಳೆತನದ ಹೆಸರಿನಲ್ಲಿ ಗ್ವೀದೊನ ಪತನಕ್ಕೆ ಪ್ರೇಕ್ಷಕನಾಗಿ ಕೂರಬೇಕಾಗುತ್ತಿರಲಿಲ್ಲ.

ಇವತ್ತು ಈ ಕಾದಂಬರಿ ಚುಚ್ಚುವುದು ಈ ಕಾರಣಕ್ಕೆ. ಮನಸ್ಸಿನ ಗಾಯ, ಬಾಲ್ಯದ ಆಘಾತ, ಆತಂಕ ಎಂಬ ಮಾತುಗಳು ಈಗ ಮನೆಮನೆಯ ಮಾತು. ಅದರಿಂದ ಒಳ್ಳೆಯದೇ ಆಗಿದೆ. ಮೊದಲು ಬಾಯಿಬಿಡಲಾಗದೆ ನರಳುತ್ತಿದ್ದವರಿಗೆ ಹೇಳಿಕೊಳ್ಳಲು ನುಡಿ ಸಿಕ್ಕಿದೆ. ಆದರೆ ನಾನೇಕೆ ಹೀಗೆ ಎಂಬ ಪ್ರಶ್ನೆಗೆ ಸಿಕ್ಕ ಉತ್ತರವನ್ನು, ನಾನು ನಿನಗೇನು ಮಾಡಿದೆ ಎಂಬ ಪ್ರಶ್ನೆಗೂ ಉತ್ತರವಾಗಿ ಕೊಡುವವರಿದ್ದಾರೆ. ಮಗುವಿನ ಮೇಲೆ ಕೈಮಾಡಿದ ಅಪ್ಪ, ನಂಬಿಸಿ ಕೈಬಿಟ್ಟ ಪ್ರೇಮಿ ತನ್ನ ಬಾಲ್ಯದ ಕಥೆಯನ್ನು ಬಿಚ್ಚಿಡುತ್ತಾನೆ. ಕಥೆ ನಿಜವೇ ಇರುತ್ತದೆ. ಕೇಳುತ್ತಾ ಕುಳಿತವರ ಕೆನ್ನೆಯ ಬರೆಯೂ ಅಷ್ಟೇ ನಿಜ. ಜೀನೊನ 400ಕ್ಕೂ ಹೆಚ್ಚು ಪುಟಗಳ ನಿವೇದನೆಯಲ್ಲಿ ಔಗುಸ್ತಾಳ ಮುಂದೆ ನಿಂತು ಕ್ಷಮೆ ಕೇಳುವ ಒಂದು ಪುಟವಿಲ್ಲ. ಅವನು ಬರೆದದ್ದೆಲ್ಲ ವೈದ್ಯನಿಗೆ; ನೋಯಿಸಿದವರಿಗೆ ಏನನ್ನೂ ಹೇಳಲಿಲ್ಲ.

1915ರ ಮೇ ತಿಂಗಳಲ್ಲಿ ಇಟಲಿ ಯುದ್ಧಕ್ಕಿಳಿಯಿತು. ಹಳ್ಳಿಯಲ್ಲಿ ಬೆಳಗಿನ ನಡಿಗೆಗೆ ಹೋಗಿದ್ದ ಜೀನೊ, ಸೈನಿಕರು ದಾರಿ ತಡೆದದ್ದರಿಂದ ಹೆಂಡತಿ ಮಕ್ಕಳಿಂದ ಬೇರೆಯಾಗಿ ಒಬ್ಬನೇ ಟ್ರಿಯೆಸ್ಟಿಗೆ ಬಂದ. ಒಲೀವಿ ಊರಲ್ಲಿಲ್ಲದ್ದರಿಂದ ಜೀವನದಲ್ಲಿ ಮೊದಲ ಬಾರಿಗೆ ವ್ಯಾಪಾರ ಪೂರ್ತಿ ಅವನ ಕೈಗೆ ಬಂತು. ಯುದ್ಧದ ಕೊರತೆಯಲ್ಲಿ ಸಿಕ್ಕಿದ್ದನ್ನು ಕೊಂಡು, ಬೆಲೆ ಏರಿದಾಗ ಮಾರಿ ಕಾಸು ಮಾಡಿದ. ತನಗೆ ಪೂರ್ತಿ ಗುಣವಾಯಿತೆಂದು, ಗುಣಪಡಿಸಿದ್ದು ವ್ಯಾಪಾರವೇ ಹೊರತು ವೈದ್ಯನಲ್ಲವೆಂದು 1916ರ ಮಾರ್ಚಿನಲ್ಲಿ ಬರೆದ. ಸುತ್ತ ಲಕ್ಷಾಂತರ ಜನ ಸಾಯುತ್ತಿದ್ದ ಕಾಲದಲ್ಲಿ ಅವನ ಮೈನೋವೆಲ್ಲ ಮಾಯವಾಯಿತು. ಬದುಕೆಂಬುದೇ ಕಾಯಿಲೆ, ಯಾರಾದರೂ ಭಾರೀ ಸ್ಫೋಟಕವೊಂದನ್ನು ಭೂಮಿಯ ನಡುವಿಗಿಟ್ಟು ಸಿಡಿಸಿದ ಮೇಲಷ್ಟೇ ಇದಕ್ಕೆಲ್ಲ ಕೊನೆ ಎಂದು ಅವನು ಭವಿಷ್ಯ ನುಡಿಯುತ್ತಾನೆ. ಅಣುಬಾಂಬಿಗಿಂತ ಎರಡು ದಶಕ ಮೊದಲು ಬರೆದ ಈ ಪುಟಗಳನ್ನು ಮುಂಗಾಣ್ಕೆ ಎಂದು ಹೊಗಳುವುದುಂಟು. ಇಡೀ ಜಗತ್ತೇ ರೋಗಿಯಾದರೆ ಜೀನೊ ಒಬ್ಬನನ್ನೇ ಯಾರೂ ಬೊಟ್ಟುಮಾಡಿ ತೋರಿಸಲಾರರು ಎಂಬುದನ್ನೂ ಅಲ್ಲಿ ಗಮನಿಸಬೇಕು. ಅವನ ನೆಪಗಳಲ್ಲೆಲ್ಲ ದೊಡ್ಡದು ಇದೇ.

ಪುಸ್ತಕ ಓದಿದ ವೈಸ್, ಇದಕ್ಕೂ ಮನೋವಿಶ್ಲೇಷಣೆಗೂ ಸಂಬಂಧವಿಲ್ಲ ಎಂದನೆಂದು ಸ್ವೇವೊ ನೆನೆದಿದ್ದಾನೆ. ಚಿಕಿತ್ಸೆಯ ವಿಧಾನದ ಮಟ್ಟಿಗೆ ಆ ತಜ್ಞನ ಮಾತು ಸರಿಯಿರಬಹುದು. ಮನುಷ್ಯನ ಮಟ್ಟಿಗೆ ಸ್ವೇವೊ ಇನ್ನೂ ಮುಗಿಸಿರಲಿಲ್ಲ. ಕೊನೆಯ ವರ್ಷಗಳಲ್ಲಿ ಜೀನೊನ ಕಥೆಯನ್ನೇ ಮುಂದುವರಿಸಲು ಕುಳಿತ. ಆ ತುಣುಕುಗಳಲ್ಲೊಂದರಲ್ಲಿ ಜೀನೊಗೆ ಎಪ್ಪತ್ತರ ಆಸುಪಾಸು. ಸಂತಾನಕ್ಕೆ ಇನ್ನು ಉಪಯೋಗವಿಲ್ಲವೆಂದು ಕಂಡ ಜೀವವನ್ನು ಪ್ರಕೃತಿ ಅಳಿಸಿಬಿಡುತ್ತದೆ, ಆದ್ದರಿಂದ ಅವಳ ಕಣ್ಣಿಗೆ ಮಣ್ಣೆರಚಿ ಆಯುಷ್ಯ ಬೆಳೆಸಿಕೊಳ್ಳಬೇಕು ಎಂಬ ಹೊಸ ವೈದ್ಯಕೀಯ ವಾದವೊಂದನ್ನು ಅವನು ಕಟ್ಟಿಕೊಂಡಿದ್ದಾನೆ. ಆ ವಾದದ ಪ್ರಕಾರ, ಬರೀ ಔಷಧಿಗೆಂದು, ತಂಬಾಕಿನ ಅಂಗಡಿ ನಡೆಸುವ ಫೆಲಿಚಿತಾ ಎಂಬ ತರುಣಿಯನ್ನು ತಿಂಗಳ ಹಣಕ್ಕೆ ಗೊತ್ತುಮಾಡಿಕೊಳ್ಳುತ್ತಾನೆ. ಔಗುಸ್ತಾ ಮನೆಯಲ್ಲಿದ್ದಾಳೆ. ಈ ಮುಂದುವರಿಕೆ ಪೂರ್ಣವಾಗುವ ಮೊದಲೇ, 1928ರ ಸೆಪ್ಟೆಂಬರಿನಲ್ಲಿ, ಕಾರು ಅಪಘಾತದಲ್ಲಿ ಗಾಯಗೊಂಡು ಸ್ವೇವೊ ತೀರಿಕೊಂಡ.